ಚೈನು ತುಂಡಾದ ಮೇಲಿನ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆ ಹಲಗೆ) ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ತಡೆದದ್ದನ್ನು ನಾಡೆಲ್ಲ ಕೊಂಡಾಡಿತು. ಕೊಂಡಾಡಬೇಕಾದ ಕೆಲಸವೇ. ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಗಿತ್ತು. ಆಮೇಲಿನ ಮಳೆ ಜಲಾಶಯವನ್ನು ಮತ್ತೆ ತುಂಬಿಸಿದ್ದರಿಂದ ಆ ವರ್ಷ ದಾಟಿತು.

ನಿಜವಾದ ಬಿಲ್ಲು ಬಂದದ್ದು ಮುಂದಿನ ವರ್ಷ. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಗೇಟುಗಳನ್ನೆಲ್ಲ ಬದಲಿಸಲು ಹೇಳಿತ್ತು. ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ನಿಲ್ಲಿಸಿದರು. ಗೇಟು ಬದಲಿಸಲು ಜಲಾಶಯ ಇಳಿಯಬೇಕು. ಹಾಗಾಗಿ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಸಿರುಗುಪ್ಪ, ಕುರುಗೋಡು ಕಡೆ ಎರಡನೇ ಬೆಳೆ ಎಂದರೆ ಗದ್ದೆಯ ಮಾತಷ್ಟೇ ಅಲ್ಲ. ನಾಟಿಯ ಕೂಲಿ, ಕಟಾವು ಯಂತ್ರದ ಬಾಡಿಗೆ, ರೈಸ್‌ಮಿಲ್ಲಿನ ಹಮಾಲಿ, ಗೊಬ್ಬರದಂಗಡಿಯ ಉದ್ರಿ ಎಲ್ಲವೂ ಅದರ ಮೇಲೆ ನಿಂತಿವೆ. ಗುತ್ತಿಗೆಗೆ ಹೊಲ ಹಿಡಿದವನು ಒಂದು ಬೆಳೆಯಲ್ಲಿ ಗುತ್ತಿಗೆ ತೀರಿಸಿ, ಇನ್ನೊಂದರಲ್ಲಿ ಉಣ್ಣುತ್ತಾನೆ. ಉಣ್ಣುವ ಬೆಳೆಯೇ ಹೋಯಿತು.

ಹೀಗಿರುವಾಗ ಹಳೆಯ ಅಣೆಕಟ್ಟೆಯ ದುರಸ್ತಿಗೆ ಹಣ ಯಾರು ಕೊಡಬೇಕು ಎಂದು ಚರ್ಚಿಸುವವರು ಒಂದು ಸಂಗತಿ ಮರೆಯುತ್ತಾರೆ. ಕೊಡುವವರು ಆಗಲೇ ಕೊಟ್ಟಾಗಿದೆ. ಕಾಲಕಾಲಕ್ಕೆ ತೆಗೆದಿಡದ ದುಡ್ಡನ್ನು ಕಾಲುವೆಯ ಕೊನೆ ಭಾಗದ ರೈತನೂ ಅವನ ಹೊಲಕ್ಕೆ ಬರುವ ಕೂಲಿಯೂ ಒಂದೇ ಕಂತಿನಲ್ಲಿ, ರಸೀದಿ ಇಲ್ಲದೆ ಕಟ್ಟಿದರು.

ಅಣೆಕಟ್ಟೆಯಿಂದ ಮೊದಲ ಸಲ ನೀರು ಬಿಡುಗಡೆಯಾದ 1953ರಲ್ಲೇ 33 ಗೇಟುಗಳೂ ಒಂದು ದಿನ ಮುದಿಯಾಗುತ್ತವೆ ಎಂಬುದು ಎಂಜಿನಿಯರರಿಗೆ ಗೊತ್ತಿತ್ತು. ಕಲ್ಲಿನ ಕಟ್ಟಡ ಶತಮಾನ ದಾಟೀತು. ಕಬ್ಬಿಣದ ಗೇಟು, ಚೈನು ದಾಟುವುದಿಲ್ಲ. ಎತ್ತಿಗೆ ವಯಸ್ಸಾಗುತ್ತದೆಂದು ತಿಳಿದ ಒಕ್ಕಲಿಗ ಕರು ಸಾಕಿಕೊಂಡಿರುತ್ತಾನೆ. ನಮ್ಮಲ್ಲಿ ಆದದ್ದು ಬೇರೆ. ಅಣೆಕಟ್ಟೆ ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯ ಖರ್ಚನ್ನು ಕರ್ನಾಟಕ, ಆಂಧ್ರ, ತೆಲಂಗಾಣ ರಾಜ್ಯಗಳು ಹಂಚಿಕೊಳ್ಳುತ್ತವೆ, ಆ ಹಣ ವರ್ಷವರ್ಷದ ನಿರ್ವಹಣೆಗೇ ಸರಿಹೋಗುತ್ತದೆ. ಮೂರು ರಾಜ್ಯಗಳ ಮನೆಯಲ್ಲಿ ಹೆಂಚು ಹೊದಿಸುವವರು ಯಾರು ಎಂಬ ಮಾತು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹೂಳಿನಿಂದ 133 ಟಿಎಂಸಿಯ ಸಾಮರ್ಥ್ಯ 105ರ ಹತ್ತಿರ ಇಳಿದಾಗ, ಆ ಕೊರತೆ ತುಂಬಲು ನವಲಿಯಲ್ಲಿ ಕಟ್ಟಬೇಕೆಂದ ಸಮತೋಲನ ಜಲಾಶಯದ ಬಗ್ಗೆ ಭಾಷಣಗಳಾದವು. ಹೊಸ ಜಲಾಶಯಕ್ಕೆ ಅಡಿಗಲ್ಲು ಹಾಕಬಹುದು. ಚೈನಿಗೆ ಗ್ರೀಸ್ ಹಚ್ಚುವುದಕ್ಕೆ ಅಡಿಗಲ್ಲಿಲ್ಲ.

ಸಾಲ ಮಾಡಬಹುದಲ್ಲ ಎನ್ನುವವರಿದ್ದಾರೆ. ದೇಶದ ಹಳೆಯ ಅಣೆಕಟ್ಟೆಗಳ ಪುನಶ್ಚೇತನಕ್ಕೆ ವಿಶ್ವಬ್ಯಾಂಕ್ ನೆರವಿನ 'ಡ್ರಿಪ್' ಯೋಜನೆ ಇದೆ. ಅದರ ಎರಡು ಮತ್ತು ಮೂರನೇ ಹಂತದ 10,211 ಕೋಟಿ ರೂಪಾಯಿಯಲ್ಲಿ 7,000 ಕೋಟಿ ಹೊರಗಿನ ಸಾಲ. ಐವತ್ತು ವರ್ಷ ಬಾಳುವ ಗೇಟಿಗೆ ಸಾಲ ತಂದರೆ ತಪ್ಪೇನಿಲ್ಲ, ಅದರ ನೀರು ಉಣ್ಣುವ ಮುಂದಿನ ತಲೆಮಾರೂ ಕಂತು ಕಟ್ಟಲಿ. ಗ್ರೀಸು, ಬಣ್ಣ, ತಪಾಸಣೆಗೂ ಸಾಲ ತರುವ ಸ್ಥಿತಿ ಬಂದರೆ ಮಾತ್ರ ಅದು ಸೋಮಾರಿತನಕ್ಕೆ ಕಟ್ಟುವ ಬಡ್ಡಿ. ಇನ್ನು ಕೆಲವರ ಕಣ್ಣು ಬಳ್ಳಾರಿಯ ಜಿಲ್ಲಾ ಖನಿಜ ನಿಧಿಯ ಮೇಲಿದೆ. ನಿಯಮದಲ್ಲಿ ನೀರಾವರಿಗೆ ಅವಕಾಶವೂ ಇದೆ. ನನಗೆ ಒಪ್ಪಿಗೆಯಿಲ್ಲ. ಅದು ಗಣಿಯ ಕೆಂಧೂಳು ಕುಡಿದ ಊರುಗಳ ಹಣ. ಅವರ ಆಸ್ಪತ್ರೆ, ಕುಡಿಯುವ ನೀರಿನ ಪಾಲನ್ನು ಮೂರು ರಾಜ್ಯಗಳ ಗೇಟಿಗೆ ಹಾಕುವುದು ಬಡವನ ಜೇಬಿನಿಂದ ಸಾಲ ತೀರಿಸಿದ ಹಾಗೆ.

ಹಾಗಾದರೆ ಯಾರಿಂದ? ನೀರಿನಿಂದ ಬದುಕುವವರೆಲ್ಲರಿಂದ, ಅವರವರ ಲಾಭದಷ್ಟು. ತೋರಣಗಲ್ಲಿನ ಉಕ್ಕಿನ ಉದ್ಯಮಕ್ಕೆ ಈ ಜಲಾಶಯದ ನೀರು ಬೇಕು. ಅಣೆಕಟ್ಟೆಯಡಿಯ ಮತ್ತು ಹಂಪಿಯ ವಿದ್ಯುತ್ ಘಟಕಗಳಿಗೆ ಬೇಕು. ಬಳ್ಳಾರಿ ನಗರದ ನಲ್ಲಿಗೂ ಕಾಲುವೆಯೇ ಗತಿ. ಕೈಗಾರಿಕೆ ಮತ್ತು ವಿದ್ಯುತ್ತಿನ ದರದಲ್ಲಿ ದೊಡ್ಡ ಪಾಲು, ನಗರದ ನೀರಿನ ಬಿಲ್ಲಿನಲ್ಲಿ ಸಣ್ಣ ಪಾಲು, ಉಳಿದದ್ದನ್ನು ಮೂರು ರಾಜ್ಯಗಳು ತಮ್ಮ ನೀರಿನ ಪಾಲಿಗೆ ತಕ್ಕಂತೆ ಪ್ರತಿವರ್ಷ, ಬರವಿರಲಿ ನೆರೆಯಿರಲಿ, ಮಂಡಳಿಯ ಪ್ರತ್ಯೇಕ ಖಾತೆಗೆ ಹಾಕಬೇಕು. ಹಣಕಾಸು ಇಲಾಖೆಗಳು ಆ ಖಾತೆ ಮುಟ್ಟುವಂತಿರಬಾರದು.

ರೈತನ ಪಾಲು? ಇರಬೇಕು ಎನ್ನುತ್ತೇನೆ, ಸಿಟ್ಟಾಗುವವರು ಆಗಲಿ. ಆದರೆ ಅದು ಕಡಿಮೆ ಇರಬೇಕು, ನೀರು ಹೊಲಕ್ಕೆ ಮುಟ್ಟಿದ ವರ್ಷ ಮಾತ್ರ ಇರಬೇಕು. ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪು ಹಚ್ಚಿದವನನ್ನು ಬಿಟ್ಟು ಕೊನೆ ಭಾಗದವನಿಂದ ವಸೂಲಿ ಮಾಡಬಾರದು. ನೀರು ಬಳಕೆದಾರರ ಸಹಕಾರ ಸಂಘದ ರಸೀದಿಯಲ್ಲಿ 'ಗೇಟು ನಿಧಿ' ಎಂದೊಂದು ಸಾಲು ಬಂದರೆ, ಸಿರುಗುಪ್ಪದ ರೈತ ಐಸಿಸಿ ಸಭೆಗೆ ಹೋಗಿ ನೀರು ಯಾವಾಗ ಬಿಡುತ್ತೀರಿ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಈ ವರ್ಷ ಎಷ್ಟು ಚೈನು ತಪಾಸಣೆ ಮಾಡಿದಿರಿ, ವರದಿ ತೋರಿಸಿ ಎಂದೂ ಕೇಳುತ್ತಾನೆ.