ತೊಳೆದಾಗ ಹೋದದ್ದು ಕೊಳೆಯಷ್ಟೇ ಅಲ್ಲ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಅಮ್ಮ ಕಳಶದ ಚೊಂಬಿನ ಜೊತೆ ಹತ್ತು ಹನ್ನೆರಡು ಬೆಳ್ಳಿ ರೂಪಾಯಿಗಳನ್ನೂ ತಂದಿಟ್ಟುಕೊಂಡು, ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಿದ್ದಳು. ವರ್ಷ ವರ್ಷವೂ ತಿಕ್ಕಿಸಿಕೊಂಡು ರಾಣಿಯ ಮೂಗು ಸವೆದಿತ್ತು, ರಾಜನ ಗಡ್ಡ ನುಣ್ಣಗಾಗಿತ್ತು. ಲಕ್ಷ್ಮಿ ಹೊಳೆಯಬೇಕು, ಅಷ್ಟೇ ಅವಳ ಲೆಕ್ಕ.

ಒಂದು ನಾಣ್ಯಕ್ಕೆ ಮಾತ್ರ ಈ ಸ್ನಾನವಿರಲಿಲ್ಲ. ಅದು ಮದುವೆಯಲ್ಲಿ ಅವಳ ತಾಯಿ ಕೈಗಿಟ್ಟದ್ದು. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಟ್ರಂಕು ತೆರೆದಾಗ ಅದು ನನ್ನ ಪಾಲಿಗೆ ಬಂತು. ವಿಕ್ಟೋರಿಯಾ ರಾಣಿಯದು, 1840 ಎಂಬ ಇಸವಿ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು. ಜಡೆಯ ಎಳೆ ಎಳೆಯೂ ಕಾಣುತ್ತಿತ್ತು. ಆದರೆ ಮೈಯೆಲ್ಲ ಕಪ್ಪು, ಅಂಚಿನಲ್ಲಿ ಪಾರಿವಾಳದ ಕತ್ತಿನಂತೆ ನೀಲಿ, ನೇರಳೆ.

ನಾನು ಆಗಷ್ಟೇ ನಾಣ್ಯ ಸಂಗ್ರಹದ ಹುಚ್ಚು ಹಚ್ಚಿಕೊಂಡಿದ್ದೆ. ತಿಳಿದವರಿಗೆ ತೋರಿಸುವ ಮೊದಲು ಚೊಕ್ಕಟ ಮಾಡೋಣವೆಂದು ಹಲ್ಲುಪುಡಿ ಹಾಕಿ ಹತ್ತು ನಿಮಿಷ ತಿಕ್ಕಿದೆ. ಬೆಳ್ಳಗೆ ಫಳಫಳ ಹೊಳೆಯಿತು. ಮಾರನೆಯ ದಿನ ಪೇಟೆಯ ನಾಣ್ಯದ ವ್ಯಾಪಾರಿಯ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿ, ನಾಣ್ಯವನ್ನು ಮೆಲ್ಲಗೆ ಕೆಳಗಿಟ್ಟರು.

‘ಇದನ್ನು ತೊಳೆದವರು ಯಾರು ಸಾರ್?’

‘ನಾನೇ.’

‘ನಿನ್ನೆ ತಂದಿದ್ದರೆ ನಾಣ್ಯಕ್ಕೆ ಬೆಲೆ ಕಟ್ಟುತ್ತಿದ್ದೆ. ಇವತ್ತು ಬೆಳ್ಳಿಗೆ ಕಟ್ಟಬೇಕು.’

ಅಮ್ಮ ಒಂದು ದಿನವೂ ತಿಕ್ಕದೆ ಕಾಪಾಡಿದ್ದನ್ನು ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದೆ.

ಆದದ್ದೇನು? ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿಯ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ನಾವು ಕೊಳೆ ಎನ್ನುವ ಆ ಪೊರೆ ಹೊರಗಿನಿಂದ ಬಂದು ಅಂಟಿದ ಧೂಳಲ್ಲ, ನಾಣ್ಯದ್ದೇ ಮೇಲ್ಮೈ. ಅದನ್ನು ತಿಕ್ಕಿ ತೆಗೆದರೆ ಬೆಳ್ಳಿಯೂ ಜೊತೆಗೆ ಹೋಗುತ್ತದೆ. ಇನ್ನೂ ಒಂದು ಸಂಗತಿಯಿದೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ವಾಲಿಸಿದರೆ ಗಾಡಿಚಕ್ರದ ಅರೆಕಾಲುಗಳಂತೆ ಬೆಳಕು ಸುತ್ತುವುದು ಇವುಗಳಿಂದಲೇ. ಹಲ್ಲುಪುಡಿ ಈ ಗೆರೆಗಳನ್ನು ಅಳಿಸಿ ತನ್ನ ಗೀರುಗಳನ್ನು ಬಿಡುತ್ತದೆ. ನನಗೆ ಕಂಡ ಹೊಳಪು ಹಲ್ಲುಪುಡಿಯದು, ಟಂಕಸಾಲೆಯದಲ್ಲ.

ಹಾಗಾದರೆ ಏನನ್ನೂ ಮಾಡಬಾರದೆ? ಮಣ್ಣು, ಜಿಡ್ಡು ಇದ್ದರೆ ತೆಗೆಯಬಹುದು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಒಂದೆರಡು ದಿನ ನೆನೆಸಿಡಿ. ಎಣ್ಣೆ ಅಥವಾ ಗೋಂದು ಅಂಟಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ. ಅದು ಬೆಳ್ಳಿಯನ್ನು ಮುಟ್ಟುವುದಿಲ್ಲ. ಆದರೆ ಥಟ್ಟನೆ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಬೇಡ. ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಒರೆಸಬೇಡಿ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡ, ಬಿಸಿನೀರಿನ ಉಪಾಯವನ್ನು ಹಲವರು ಹೇಳುತ್ತಾರೆ. ಪಾತ್ರೆಗಳಿಗೆ ಅದು ಚೆನ್ನ. ನಾಣ್ಯದ ಕಪ್ಪೂ ಹೋಗುತ್ತದೆ, ಅದರೊಂದಿಗೆ ನೂರು ವರ್ಷದ ಬಣ್ಣವೂ ಹೋಗುತ್ತದೆ.

ಇಡುವ ರೀತಿಯೂ ಮುಖ್ಯ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಕಾಲಕ್ರಮೇಣ ಹಸಿರು ಅಂಟು ಬಿಟ್ಟು ನಾಣ್ಯವನ್ನು ತಿನ್ನುತ್ತವೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ. ಕಟ್ಟಿಟ್ಟರೆ ಪಟ್ಟೆಯಾಗಿ ಕಪ್ಪು ಹಿಡಿಯುತ್ತದೆ. ನಾಣ್ಯವನ್ನು ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಿರಿ. ಬೆರಳಿನ ಬೆವರು ಬಿದ್ದಲ್ಲಿ ಗುರುತು ಉಳಿದುಬಿಡುತ್ತದೆ.

ಇನ್ನು ಬೆಲೆಯ ಮಾತು. ಮೊದಲು ತಕ್ಕಡಿ. 1835ರಲ್ಲಿ ಕಂಪನಿ ಸರ್ಕಾರ ರೂಪಾಯಿಯ ತೂಕವನ್ನು 180 ಗ್ರೇನ್, ಅಂದರೆ 11.66 ಗ್ರಾಂ ಎಂದು ಗೊತ್ತುಮಾಡಿತು. ನಮ್ಮ ಹಿರಿಯರು ‘ರೂಪಾಯಿ ತೂಕ’, ‘ತೊಲ’ ಎನ್ನುತ್ತಿದ್ದದ್ದು ಇದನ್ನೇ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಸುಮಾರು 10.69 ಗ್ರಾಂ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ಹಾಗಾಗಿ 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿರುವುದು 5.83 ಗ್ರಾಂ ಮಾತ್ರ. 1947ರದು ಹುಲಿಯ ಚಿತ್ರವಿರುವ ನಿಕ್ಕಲ್ ನಾಣ್ಯ. ಬೆಳ್ಳಿಯೆಂದು ಕೊಂಡವರು ಉಂಟು. ಅಯಸ್ಕಾಂತ ಹಿಡಿದರೆ ಗುಟ್ಟು ರಟ್ಟಾಗುತ್ತದೆ.

ಬೆಳ್ಳಿಯ ಬೆಲೆ ತಳಮಟ್ಟ. ಅದರ ಮೇಲಿನ ಬೆಲೆ ಇಸವಿ, ಟಂಕಸಾಲೆ, ಸ್ಥಿತಿ ಈ ಮೂರರ ಮೇಲೆ ನಿಂತಿದೆ. ಹಳೆಯದಾದಷ್ಟೂ ದುಬಾರಿ ಎನ್ನುವುದು ತಪ್ಪು ತಿಳಿವಳಿಕೆ. 1862 ಎಂಬ ಇಸವಿಯನ್ನೇ ಇಟ್ಟುಕೊಂಡು 1874ರವರೆಗೂ ರೂಪಾಯಿ ಅಚ್ಚು ಹಾಕಿದರು. ಆದ್ದರಿಂದ 1862ರದು ಎಲ್ಲ ಕಡೆ ಸಿಗುತ್ತದೆ. ಅದಕ್ಕಿಂತ ಎಪ್ಪತ್ತೇಳು ವರ್ಷ ಚಿಕ್ಕದಾದ 1939ರ ರೂಪಾಯಿ ಬಹಳ ಅಪರೂಪ. 1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯ. ರಾಜನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗದ್ದಲವಾಯಿತು. ಬಹುಪಾಲನ್ನು ಕರಗಿಸಿ, 1912ರಲ್ಲಿ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ತಿದ್ದಿದರು. ಐದನೇ ಜಾರ್ಜನ ರೂಪಾಯಿಯ ಹಿಂಬದಿಯಲ್ಲಿ ಕೆಳಗೆ ಸಣ್ಣ ಚುಕ್ಕಿಯಿದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದ ಗುರುತು ಇದ್ದರೆ, ಇಸವಿ ಯಾವುದಾದರೂ ಬೆಲೆ ಬಿದ್ದುಹೋಗುತ್ತದೆ.

ಮೋಸದ ಬಗೆಗೂ ಎರಡು ಮಾತು. 1818 ಎಂಬ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಜೊತೆಗೆ ರಾಮನೋ ಹನುಮಂತನೋ ಇರುವ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬಾಳುತ್ತವೆಂದು ತೋರಿಸುವವರಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಹಳೆ ನಾಣ್ಯಕ್ಕೆ ಭಾರಿ ಹಣ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವ ಫೋನು ಬಂದರೆ ಇಟ್ಟುಬಿಡಿ. ಇಂಥವರು ತನ್ನ ಹೆಸರು ಬಳಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಿತ್ತು. ಇನ್ನು ಕಾನೂನು: ನೆಲ ಅಗೆಯುವಾಗ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳೆಲ್ಲ ಆ ಗಡಿ ದಾಟಿವೆ. ವಿದೇಶದ ಮಗನಿಗೆ ಟಪಾಲಿನಲ್ಲಿ ಕಳಿಸುವ ಮುನ್ನ ನೆನಪಿರಲಿ.

ಸಂಗ್ರಹಕಾರನಾದವನು ಒಂದಲ್ಲ ಒಂದು ದಿನ ಮಾರುತ್ತಾನೆ. ಒಂದೇ ಇಸವಿಯ ಎರಡಿದ್ದರೆ ಒಂದನ್ನು ಕೊಟ್ಟು ಇಲ್ಲದ್ದನ್ನು ತರುವುದು ಈ ಹವ್ಯಾಸದ ದಾರಿ. ನನ್ನ 1840ರ ನಾಣ್ಯವನ್ನು ಇನ್ನೊಬ್ಬರಿಗೆ ತೋರಿಸಿದಾಗ ಅವರು ನಕ್ಕು, ‘ಇದಕ್ಕೇನು ಸಾರ್ ಯೋಚನೆ? ಗಂಧಕದ ಹೊಗೆ ಕೊಟ್ಟರೆ ಎರಡು ದಿನದಲ್ಲಿ ಮತ್ತೆ ಕಪ್ಪಾಗುತ್ತದೆ. ಹೊಸಬರಿಗೆ ಗೊತ್ತಾಗುವುದಿಲ್ಲ’ ಎಂದರು. ಒಂದು ಕ್ಷಣ ಆಸೆಯಾದದ್ದು ಸುಳ್ಳಲ್ಲ. ಆದರೆ ಆ ಹೊಸಬನ ಜಾಗದಲ್ಲಿ ನಿನ್ನೆ ಮೊನ್ನೆಯವರೆಗೆ ನಾನೇ ಇದ್ದೆನಲ್ಲ! ಬೇಡವೆಂದು ಜೇಬಿಗೆ ಹಾಕಿಕೊಂಡು ಬಂದೆ.

ಆಮೇಲೆ ಎಷ್ಟೋ ನಾಣ್ಯ ಕೊಂಡಿದ್ದೇನೆ, ಮಾರಿದ್ದೇನೆ. ತೊಳೆದದ್ದಾದರೆ ‘ತೊಳೆದದ್ದು’ ಎಂದು, ಬೆಸುಗೆ ತೆಗೆಸಿದ್ದಾದರೆ ಹಾಗೆಂದು ಲಕೋಟೆಯ ಮೇಲೆ ಬರೆದೇ ಕೊಡುತ್ತೇನೆ. ಬೆಲೆ ಕಡಿಮೆ ಸಿಗುತ್ತದೆ. ಕೊಂಡವರು ಮುಂದಿನ ತಿಂಗಳೂ ಬರುತ್ತಾರೆ.

ಆ 1840ರದನ್ನು ಮಾತ್ರ ಮಾರಲಿಲ್ಲ. ಸಂಗ್ರಹದ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಈಗ ಹಬ್ಬದ ಹಿಂದಿನ ದಿನ ನನ್ನಾಕೆ ಉಳಿದವುಗಳ ಜೊತೆ ಅದನ್ನೂ ವಿಭೂತಿ ಹಾಕಿ ತಿಕ್ಕಿ ಕಳಶಕ್ಕೆ ಹಾಕುತ್ತಾಳೆ. ನಾನು ಸುಮ್ಮನಿರುತ್ತೇನೆ. ನಿಮ್ಮ ಮನೆಯ ಟ್ರಂಕಿನ ತಳದಲ್ಲಿಯೂ ಅಂಥದೊಂದು ಕಪ್ಪು ಬಿಲ್ಲೆ ಇದ್ದರೆ, ದಯವಿಟ್ಟು ಬಚ್ಚಲಿಗೆ ಒಯ್ಯುವ ಮೊದಲು ತಿಳಿದವರೊಬ್ಬರಿಗೆ ತೋರಿಸಿ.