ಪ್ರತಿಕಾಯದ ಮೈಮೇಲಿನ ಸಕ್ಕರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಚಳಿ ಇಳಿಯತೊಡಗಿತೆಂದರೆ ದರಗು ತರಲು ಕಾಡಿಗೆ ಹೋಗುವವರಿಗೆ ಒಂದು ಅಳುಕು. ದರಗಿನಲ್ಲಿ ಉಣುಗು, ಉಣುಗಿನಲ್ಲಿ ಮಂಗನ ಕಾಯಿಲೆಯ ವೈರಸ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಈ ಮೂರು ತಾಲ್ಲೂಕುಗಳನ್ನೂ ಬಿಟ್ಟಿಲ್ಲ.

ಜ್ವರ ಹತ್ತಿ ಕೆಲವು ದಿನಗಳಾಗಿದ್ದರೆ ರೋಗಿಯ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುತ್ತಾರೆ; ಎಂದರೆ, ವೈರಸನ್ನು ಹಿಡಿಯಲೆಂದು ದೇಹವು ತಾನೇ ಕಟ್ಟಿಕೊಂಡ ಪ್ರೋಟೀನುಗಳನ್ನು. 'ಇದೆ' ಅಥವಾ 'ಇಲ್ಲ' ಎಂಬ ಉತ್ತರ ಬರುತ್ತದೆ. ರೋಗವನ್ನು ಗುರುತಿಸಲು ಇಷ್ಟು ಸಾಕು. ಆದರೆ ಲಸಿಕೆಯೊಂದರ ಯೋಗ್ಯತೆಯನ್ನು ಅಳೆಯುವಾಗಲೂ ಪ್ರತಿಕಾಯಗಳ ಲೆಕ್ಕವೊಂದನ್ನೇ ನೆಚ್ಚಿ ಕುಳಿತರೆ ಸಾಲದೆಂಬುದು ನಮ್ಮ ಅಭಿಪ್ರಾಯ.

ನಮ್ಮ ರಕ್ತದಲ್ಲಿ ಹೇರಳವಾಗಿರುವ ಐಜಿಜಿ ಎಂಬ ಪ್ರತಿಕಾಯವು ಇಂಗ್ಲಿಷಿನ 'ವೈ' ಅಕ್ಷರದ ಆಕಾರದ್ದು. ಮೇಲಿನ ಎರಡು ತೋಳುಗಳು ವೈರಸನ್ನು ಹಿಡಿಯುತ್ತವೆ. ಕೆಳಗಿನ ಕಾಂಡವನ್ನು ದೇಹದ ರಕ್ಷಕ ಕೋಶಗಳು ಹಿಡಿಯುತ್ತವೆ. ಕಾಂಡದ ಎರಡು ಸರಪಣಿಗಳಲ್ಲಿಯೂ 297ನೆಯ ಸ್ಥಾನದಲ್ಲಿರುವ ಅಮೈನೋ ಆಮ್ಲಕ್ಕೆ ಸಕ್ಕರೆಯ ಕವಲೊಂದು ಅಂಟಿಕೊಂಡಿರುತ್ತದೆ. ಕಾಫಿಗೆ ಹಾಕುವ ಸಕ್ಕರೆಯಲ್ಲ. ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್ ಮೊದಲಾದ ಅದರ ಬಂಧುಗಳು. ಇಡೀ ಪ್ರತಿಕಾಯದ ತೂಕದಲ್ಲಿ ಇವುಗಳ ಪಾಲು ಶೇಕಡ 3ರಷ್ಟು ಮಾತ್ರ. ಭೌತಶಾಸ್ತ್ರ ಹೇಳುವ ನಮ್ಮಂಥವರು ತಕ್ಕಡಿಯನ್ನು ನೋಡಿ ಇದನ್ನು ಅಲಕ್ಷಿಸಿಬಿಡುವುದು ಸುಲಭ. ಆದರೆ ಈ ಕವಲುಗಳು ಕಾಂಡದ ಎರಡು ಹೋಳುಗಳ ನಡುವೆ ಕುಳಿತು ಅದರ ಆಕಾರವನ್ನು ಕಾಯುತ್ತವೆ. ಅವನ್ನು ಕತ್ತರಿಸಿ ತೆಗೆದರೆ ತೋಳುಗಳು ಎಂದಿನಂತೆ ವೈರಸನ್ನು ಹಿಡಿದಾವು. ರಕ್ಷಕ ಕೋಶಗಳಿಗೆ ಮಾತ್ರ ಕಾಂಡ ಸರಿಯಾಗಿ ಕೈಗೆ ಸಿಕ್ಕದು.

ಕವಲಿನಿಂದ ಫ್ಯೂಕೋಸ್ ಒಂದೇ ಬಿಟ್ಟುಹೋದರೆ ಆಗುವುದು ಇದಕ್ಕೆ ವಿರುದ್ಧ. ಅಂಥ ಪ್ರತಿಕಾಯವನ್ನು ಕೆಲವು ರಕ್ಷಕ ಕೋಶಗಳು 50 ಮಡಿಯವರೆಗೂ ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವು. ಕ್ಯಾನ್ಸರಿನ ಕೆಲವು ಔಷಧಗಳಲ್ಲಿ ಬೇಕೆಂದೇ ಫ್ಯೂಕೋಸನ್ನು ತಗ್ಗಿಸುವುದುಂಟು. ಡೆಂಗೆಯಲ್ಲಿ ಕಂಡುಬಂದದ್ದು ಬೇರೆ: ರೋಗ ಉಲ್ಬಣಿಸಿದವರಲ್ಲಿ ಫ್ಯೂಕೋಸ್ ಇಲ್ಲದ ಪ್ರತಿಕಾಯಗಳ ಪಾಲು ಹೆಚ್ಚಾಗಿತ್ತೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಡೆಂಗೆಯ ವೈರಸ್ ಮಂಗನ ಕಾಯಿಲೆಯ ವೈರಸಿಗೆ ದಾಯಾದಿ. ದಾಯಾದಿಗಳ ಗುಣವೆಲ್ಲ ಒಂದೇ ಎಂದು ನಾವು ವಾದಿಸುವುದಿಲ್ಲ. ಪರೀಕ್ಷಿಸಿ ನೋಡಬೇಕೆನ್ನಲು ಅಷ್ಟು ನಂಟು ಸಾಕು.

ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಹೊಸದರ ಪ್ರಯತ್ನ ನಡೆದಿದೆ. ಅದರಿಂದ ಪ್ರತಿಕಾಯ ಎಷ್ಟು ಹುಟ್ಟಿತೆಂದು ಅಳೆಯತಕ್ಕದ್ದೇ. ಅದೇ ರಕ್ತದಲ್ಲಿಯ ಪ್ರತಿಕಾಯಗಳಿಂದ ಸಕ್ಕರೆಯ ಕವಲುಗಳನ್ನು ಬಿಡಿಸಿ, ಅಣುಗಳನ್ನು ತೂಗುವ ದ್ರವ್ಯರಾಶಿ ರೋಹಿತಮಾಪಕದಲ್ಲಿಟ್ಟರೆ, ಫ್ಯೂಕೋಸ್ ಇರುವ ಕವಲು ಇಲ್ಲದುದಕ್ಕಿಂತ 146 ಡಾಲ್ಟನ್ ಭಾರವಾಗಿ ತೋರುತ್ತದೆ. ದರಗು ಹೊರುವವರ ರಕ್ತವನ್ನು ಹೇಗೂ ತೆಗೆಯುತ್ತಾರಲ್ಲ; ಈ ಒಂದು ತೂಕವನ್ನೂ ನೋಡಿಬಿಡಲಿ.