ಜಾಡಿಯ ಮೇಲಿನ ದರ್ಭೆ
ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ಗ್ರಹಣ ಬಿಟ್ಟ ಮೇಲೆ ಫೋನ್ ಮಾಡಿದ್ದಳು. “ಮಾವ, ಚಂದ್ರನ ನೆರಳಿನ ಲೆಕ್ಕ ನನಗೆ ಗೊತ್ತು. ಆದರೂ ಉಪ್ಪಿನಕಾಯಿ ಜಾಡಿಯ ಮೇಲೆ ಅಮ್ಮ ಇಟ್ಟ ದರ್ಭೆ ತೆಗೆಯೋಕೆ ಕೈ ಬರಲಿಲ್ಲ. ಓದಿದ್ದೆಲ್ಲ ದಂಡವಾ?” ದಂಡವಲ್ಲ ಕಣಮ್ಮ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಡಾಕ್ಟರೇಟ್ ಪಡೆದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದರು. ಜರೆಯುವ ಮೊದಲು ಪರೀಕ್ಷೆಗೆ ಕರೆದರಲ್ಲ, ಅದು ನನಗೆ ಬಹಳ ದೊಡ್ಡದೆನಿಸುತ್ತದೆ. ನೀನೂ ಅಮ್ಮನೊಡನೆ ವಾದಕ್ಕೆ ನಿಲ್ಲಬೇಡ. ಮುಂದಿನ ಗ್ರಹಣಕ್ಕೆ ಎರಡು ಬಟ್ಟಲು ಮೊಸರಿಡು, ಒಂದಕ್ಕೆ ದರ್ಭೆ ಹಾಕು, ಇನ್ನೊಂದನ್ನು ಹಾಗೇ ಬಿಡು. ಎರಡನ್ನೂ ಅಮ್ಮನ ಕೈಯಲ್ಲೇ ರುಚಿ ನೋಡಿಸು.